ಹಳೇ ಮರದಲ್ಲೂ ಚಿಗುರು

(ಸತ್ಯಮಂಗಲದ ಮಹಿಳಾ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಕೆಲವರು ಕಾರ್ಖಾನೆ ಕೆಲಸ ಮುಗಿಸಿ ಬಂದಿದ್ದೀರಿ. ಕೆಲವರು ಮನೆಯಲ್ಲಿ ಎಸರಿಟ್ಟು ಬಂದಿದ್ದೀರಿ. ಹೆಚ್ಚು ಹೊತ್ತು ಕೂರಿಸೋದಿಲ್ಲ.

ಮೊದಲು ಒಂದು ಸಂಗತಿ ಹೇಳುತ್ತೇವೆ. ನಮ್ಮ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು. ಅವರ ಮಗಳ ಮನೆ ಗುಬ್ಬಿಯಲ್ಲಿ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿಯೇ ಬಸ್ಸು ಹತ್ತಬೇಕು. ಒಮ್ಮೆ ಗುಬ್ಬಿ ಬಸ್ಸು ಅಂತ ಕುಣಿಗಲ್ ಬಸ್ಸು ಹತ್ತಿಬಿಟ್ಟರು. ಕೈಯಲ್ಲಿ ಬಾಣಂತಿ ಮಗಳಿಗೆ ಕಟ್ಟಿಕೊಂಡ ಬುತ್ತಿ. ಅವತ್ತೇ ಅವರು ಅಕ್ಷರ ಕಲಿಯಬೇಕು ಅಂತ ಹಟ ತೊಟ್ಟರು.

ಅಕ್ಷರಮಾಲೆ ಬಂತು. ಕಾಗುಣಿತ ಬಂತು. ಒತ್ತಕ್ಷರಕ್ಕೆ ಬಂದಾಗ ತೊಡಕಾಯಿತು. ಇವತ್ತು ಕಲಿತದ್ದು ನಾಳೆಗೆ ಮರೆತು ಹೋಗೋದು. ಒಂದು ಸಂಜೆ ಸ್ಲೇಟು ಕೆಳಗಿಟ್ಟರು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ಈ ತಲೆಗೆ ಇನ್ನು ಹತ್ತಲ್ಲ. ನಾಳೆಯಿಂದ ಬರಲ್ಲ" ಅಂದರು.

ನಾವು ಸುಮ್ಮನಾದೆವು. ಯಾಕೆಂದರೆ ಕಲಿಸುವ ನಾವೂ ಒಳಗೊಳಗೇ ಅದನ್ನೇ ನಂಬಿದ್ದೆವು. ಆಮೇಲೆ ಅನ್ನಿಸಿತು, ಈ ಗಾದೆ ನಿಜವೇ? ವಿಚಾರಿಸಿ ನೋಡೋಣ ಅಂದುಕೊಂಡೆವು. ತಿಳಿದದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇವೆ.

ನಮ್ಮ ತಲೆಬುರುಡೆಯ ಒಳಗೆ ಮಿದುಳಿದೆ. ತೂಕ ಸುಮಾರು ಒಂದೂಕಾಲು ಕಿಲೋ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನರಕೋಶ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಅದಕ್ಕೆ ಬೇರಿನ ಹಾಗೆ ಎಳೆಗಳಿರುತ್ತವೆ. ಒಂದು ಕೋಶ ಇನ್ನೊಂದಕ್ಕೆ ಎಳೆಯ ಮೂಲಕ ಸುದ್ದಿ ಮುಟ್ಟಿಸುತ್ತದೆ. ನೋಡೋದು, ಕೇಳೋದು, ನೆನಪಿಡೋದು ಎಲ್ಲಾ ಹೀಗೇ ನಡೆಯುತ್ತದೆ. ಮಿದುಳನ್ನು ಕಣ್ಣಾರೆ ನೋಡಬೇಕೇ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಿದುಳಿನ ಸಂಗ್ರಹಾಲಯವೇ ಇದೆ.

ಕೈ ಸುಟ್ಟರೆ ಹೊಸ ಚರ್ಮ ಬರುತ್ತದೆ. ಮುರಿದ ಮೂಳೆ ಕೂಡುತ್ತದೆ. ಆದರೆ ಮಿದುಳಿನ ಮಾತೇ ಬೇರೆ ಅಂತ ವಿಜ್ಞಾನಿಗಳು ಬಹಳ ಕಾಲ ಹೇಳುತ್ತಿದ್ದರು. ದೊಡ್ಡವರ ಮಿದುಳಿನಲ್ಲಿ ನರಕೋಶ ಸಾಯುತ್ತದೆ, ಹೊಸದು ಹುಟ್ಟೋದಿಲ್ಲ ಎನ್ನುತ್ತಿದ್ದರು. ಅವರದ್ದೂ ನಮ್ಮ ಗಾದೆಯೇ!

1960ರ ದಶಕದಲ್ಲಿ ಅಮೆರಿಕದ ಜೋಸೆಫ್ ಆಲ್ಟ್‌ಮನ್ ಎಂಬವರು ಬೆಳೆದ ಇಲಿಗಳ ಮಿದುಳಿನಲ್ಲಿ ಹೊಸ ನರಕೋಶ ಕಂಡರು. ಆಗ ಹೆಚ್ಚಿನವರು ನಂಬಲಿಲ್ಲ.

1998ರಲ್ಲಿ ಮನುಷ್ಯರಲ್ಲೂ ಕಂಡಿತು. ಅದು ಹೀಗೆ. ಸ್ವೀಡನ್ ದೇಶದಲ್ಲಿ ಐದು ಮಂದಿ ಕ್ಯಾನ್ಸರ್ ರೋಗಿಗಳಿದ್ದರು. ವಯಸ್ಸು 57ರಿಂದ 72. ಅವರಿಗೆ ಒಂದು ಮದ್ದು ಕೊಟ್ಟಿದ್ದರು. ಹೊಸದಾಗಿ ಹುಟ್ಟುವ ಕೋಶದಲ್ಲಿ ಆ ಮದ್ದು ಗುರುತಾಗಿ ಉಳಿಯುತ್ತದೆ. ಕುರಿಮರಿಗೆ ಬಣ್ಣ ಹಚ್ಚಿ ಗುರುತು ಮಾಡ್ತೀವಲ್ಲ, ಹಾಗೆ. ಅವರು ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷೆ ಮಾಡಿದರು. ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಗುರುತಿರುವ ನರಕೋಶಗಳು ಸಿಕ್ಕವು. ಹೆಸರು ಬಾಯಿಗೆ ಬಾರದಿದ್ದರೆ ಬೇಡ. ನೆನಪಿನ ಕಣಜ ಅನ್ನೋಣ. ಹೊಸದಾಗಿ ಕಲಿತದ್ದು ನೆನಪಿಗೆ ಹೋಗುವುದು ಆ ಜಾಗದಿಂದಲೇ.

ಈ ವಿಚಾರದಲ್ಲಿ ವಾದ ನಿಂತಿಲ್ಲ. 2018ರಲ್ಲಿ ಒಂದು ತಂಡದವರು ದೊಡ್ಡವರಲ್ಲಿ ಹೊಸ ಕೋಶ ಕಾಣಲಿಲ್ಲ ಅಂದರು. ಅದೇ ವರ್ಷ ಇನ್ನೊಂದು ತಂಡದವರು ಮುದುಕರಲ್ಲೂ ಇದೆ ಅಂದರು. 2025ರಲ್ಲಿ ಸ್ವೀಡನ್ನಿನವರು ಹೊಸ ನರಕೋಶ ಹೆರುವ ತಾಯಿಕೋಶಗಳನ್ನೇ ದೊಡ್ಡವರ ಮಿದುಳಿನಲ್ಲಿ ಗುರುತಿಸಿದರು. ಕೆಲವರಲ್ಲಿ ಅವು ಹೆಚ್ಚು, ಕೆಲವರಲ್ಲಿ ತೀರಾ ಕಡಿಮೆ.

ಹುಟ್ಟಿದರೆ ಸಾಕೇ? ಉಳಿಯಬೇಕಲ್ಲ! ಇಲಿಗಳಲ್ಲಿ ಹುಟ್ಟಿದ ಹೊಸ ಕೋಶಗಳಲ್ಲಿ ಬಹಳಷ್ಟು ಕೆಲವೇ ವಾರಗಳಲ್ಲಿ ಸಾಯುತ್ತವೆ. 1999ರಲ್ಲಿ ಅಮೆರಿಕದಲ್ಲಿ ಕೆಲವು ಇಲಿಗಳಿಗೆ ಕಷ್ಟದ ಪಾಠ ಕಲಿಸಿದರು. ಕಲಿತ ಇಲಿಗಳಲ್ಲಿ ಹೆಚ್ಚು ಕೋಶ ಉಳಿದವು. ಪೈರು ಹಾಗೇ ಅಲ್ಲವೇ? ಮೊಳಕೆ ಒಡೆದರೆ ಸಾಲದು, ನೀರು ಬೇಕು.

ಇಲಿಯ ಮಾತು ಬಿಡಿ, ನಮ್ಮಂಥ ಹೆಂಗಸರ ಮಾತು ಹೇಳಿ ಅಂತೀರಾ? ಅದೂ ಇದೆ. ಉತ್ತರ ಪ್ರದೇಶದ ಲಕ್ನೋ ಹತ್ತಿರದ ಹಳ್ಳಿಗಳಲ್ಲಿ ಹಿಂದಿ ಮಾತಾಡುವ, ಓದು ಬರೆಹ ಬಾರದ ಜನರಿಗೆ ಆರು ತಿಂಗಳು ಅಕ್ಷರ ಕಲಿಸಿದರು. ಅವರಲ್ಲಿ ಹೆಚ್ಚಿನವರು ಮೂವತ್ತರ ಆಸುಪಾಸಿನ ಹೆಂಗಸರು. ಕಲಿಯುವ ಮೊದಲೂ ಕಲಿತ ಮೇಲೂ ಯಂತ್ರದಲ್ಲಿ ಮಿದುಳಿನ ಚಿತ್ರ ತೆಗೆದರು. 2017ರಲ್ಲಿ ಫಲಿತಾಂಶ ಬಂತು. ಕಣ್ಣಿನ ಕೆಲಸ ನೋಡುವ ಮಿದುಳಿನ ಆಳದ ಭಾಗಗಳು, ತಲೆಯ ಹಿಂಬದಿಯ ನೋಟದ ಭಾಗದ ಜೊತೆ ಮೊದಲಿಗಿಂತ ಹೊಂದಿಕೊಂಡು ಕೆಲಸ ಮಾಡುತ್ತಿದ್ದವು. ಆರೇ ತಿಂಗಳಲ್ಲಿ! ಇದು ಹೊಸ ಕೋಶ ಹುಟ್ಟಿದ್ದಲ್ಲ. ಇರುವ ಕೋಶಗಳೇ ಹೊಸ ನೆಂಟಸ್ತನ ಬೆಳೆಸಿದ್ದು. ಕಲಿಕೆಗೆ ಅದೂ ಮುಖ್ಯ.

ಹಾಗಾದರೆ ಗಾದೆ ಸುಳ್ಳೇ? ನಮ್ಮ ತುಮಕೂರು ಸೀಮೆಯ ಹುಣಸೆ ಮರ ನೋಡಿ. ಅಜ್ಜನ ಕಾಲದ ಮರ. ಬಗ್ಗಿಸಿದರೆ ಬಗ್ಗಲ್ಲ, ನಿಜ. ಆದರೆ ವರ್ಷ ವರ್ಷವೂ ಚಿಗುರುತ್ತೆ. ಆ ಚಿಗುರು ಕಿತ್ತು ಸಾರು ಮಾಡಲ್ವಾ ನಾವು? ಮಿದುಳೂ ಹಾಗೇ. ವಯಸ್ಸಾದರೆ ನಿಧಾನ ಆಗುತ್ತೆ. ಮರೆವು ಬರುತ್ತೆ. ಆದರೆ ಮುಗಿದು ಹೋಗಲ್ಲ.

ಇಷ್ಟನ್ನೂ ನಾವು ಆ ಅಕ್ಕನ ಮನೆಗೆ ಹೋಗಿ ಹೇಳಿದೆವು. ಅವರು ರಾಗಿ ಕೇರುತ್ತಾ ಕೇಳಿದರು. "ನೋಡೋಣ" ಅಂದರು, ಅಷ್ಟೇ. ವಾರ ಕಳೆದು ಬಂದರು. 'ಅಕ್ಕ' ಅನ್ನೋದನ್ನೇ ಹತ್ತು ದಿನ ತಿದ್ದಿದರು. ಮರೆತರು, ಮತ್ತೆ ತಿದ್ದಿದರು. ಮೂರು ತಿಂಗಳ ಮೇಲೆ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ನೋಡಿ ನಿಂತರು. ಗು. ಬಕ್ಕೆ ಗುಡಿಸು ಬಿ. ಕೆಳಗೆ ಬ ಒತ್ತು. ಗುಬ್ಬಿ! ಯಾರನ್ನೂ ಕೇಳದೆ ಹತ್ತಿದರು.

ಅವರು ಇವತ್ತು ಇಲ್ಲೇ ಕೂತಿದ್ದಾರೆ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳೋದಿಲ್ಲ.

ಅಕ್ಕಂದಿರೇ, ಮರೆತರೆ ನಾಚಬೇಡಿ. ಮತ್ತೆ ಓದಿ. "ವಯಸ್ಸಾಯ್ತು" ಅಂತ ಮನೆಯಲ್ಲೇ ಕೂತವರು ನಿಮ್ಮ ಬೀದಿಯಲ್ಲಿ ಇದ್ದಾರೆ. ನಾಳೆ ಬರುವಾಗ ಅವರಲ್ಲಿ ಒಬ್ಬರನ್ನು ಕೈ ಹಿಡಿದು ಕರೆತನ್ನಿ.