ಕಾವಲುಗಾರನ ಕಟ್ಟು ಬಿಚ್ಚಿದಾಗ



ಬೇಲಿಯೇ ಎದ್ದು ಹೊಲ ಮೇಯುವ ರೋಗ ಕ್ಯಾನ್ಸರು. ಚರ್ಮದ ವರ್ಣಕೋಶಗಳಲ್ಲಿ ಹುಟ್ಟುವ ಮೆಲನೋಮ ಯಕೃತ್ತು, ಮಿದುಳುಗಳಿಗೆ ಹಬ್ಬಿದರೆ, ಹಿಂದೆ ಬಹುಪಾಲು ರೋಗಿಗಳು ವರ್ಷವೊಂದನ್ನು ದಾಟುತ್ತಿರಲಿಲ್ಲ. 2011ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಇಪಿಲಿಮುಮಾಬ್ ಹೊಸ ದಾರಿ ತೆರೆಯಿತು. ಅದು ಗಂತಿಯನ್ನು ತಾನೇ ಕೊಲ್ಲದು. ದೇಹದ ಕಾವಲುಕಣಗಳನ್ನು ಹಿಡಿದಿಟ್ಟ ಕಟ್ಟನ್ನು ಬಿಚ್ಚುತ್ತದೆ. ಈ ತತ್ತ್ವವನ್ನು ಕಂಡ ಆಲಿಸನ್, ಹೊಂಜೊ ಅವರಿಗೆ 2018ರ ನೊಬೆಲ್ ಪಾರಿತೋಷಕ ಸಂದಿತು.

2015ರಲ್ಲಿ, 90ರ ಇಳಿವಯಸ್ಸಿನಲ್ಲಿ, ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ ಶಸ್ತ್ರಕ್ರಿಯೆ, ವಿಕಿರಣಗಳೊಡನೆ ಇದೇ ಬಗೆಯ ಪೆಂಬ್ರೊಲಿಜುಮಾಬ್ ನೀಡಲಾಯಿತು. ನೂರು ತುಂಬಿಸಿ, 2024ರಲ್ಲಿ ಅವರು ತೀರಿಕೊಂಡರು.

ಎಲ್ಲರಿಗೂ ಈ ಭಾಗ್ಯವಿಲ್ಲ. ಕಟ್ಟು ಬಿಚ್ಚಿದ ಕಾವಲುಗಾರ ಕೆಲವೊಮ್ಮೆ ಮನೆಯವರಾದ ಕರುಳು, ಯಕೃತ್ತುಗಳ ಮೇಲೆಯೇ ಎರಗುವುದುಂಟು. ಆದರೂ, 'ಹಬ್ಬಿದೆ' ಎಂದು ವೈದ್ಯರು ನುಡಿದ ಮೇಲೆ, 'ಮುಂದಿನ ದಾರಿ ಯಾವುದು?' ಎಂದು ಕೇಳುವ ಧೈರ್ಯ ಇಂದು ರೋಗಿಗೆ ದೊರೆತಿದೆ.