ಮಗುಚಿದ್ರೂ ಎದ್ದು ನಿಲ್ಲೋ ದೋಣಿ

ಇವತ್ತು ಹಾಯಿದೋಣಿ ಬಗ್ಗೆ ಮಾತಾಡೋಣ. ದೂರದ ಸಮುದ್ರಯಾನಕ್ಕೆ ಅಂತಲೇ ಮಾಡ್ತಾರಲ್ಲ, ಕ್ರೂಸಿಂಗ್ ಯಾಟ್, ಅದು. ನಾನು ಕಾಪುವಿನವನು, ಅಪ್ಪ ನಾಡದೋಣಿ ಮೀನುಗಾರ. ಯಾಟಿಗೂ ನಿಮಗೂ ಏನು ಸಂಬಂಧ ಮಾರಾಯ್ರೆ ಅಂತ ಕೇಳ್ಬಹುದು. ಹೇಳ್ತೇನೆ.

ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ಯಾಂತ್ರಿಕ ಬೋಟುಗಳು ಮೀನು ಹಿಡಿಯುವ ಹಾಗಿಲ್ಲ. ಆಗ ಕಡಲಿಗೆ ಇಳಿಯುವುದು ನಾಡದೋಣಿಗಳು. ಕೆಲವು ವರ್ಷದ ಹಿಂದೆ, ಅಂಥದ್ದೇ ಒಂದು ಜುಲೈ ಬೆಳಿಗ್ಗೆ, ಅಳಿವೆಯಲ್ಲಿ ಅಪ್ಪನ ದೋಣಿಗೆ ಪಕ್ಕದಿಂದ ತೆರೆ ಬಡಿದು ದೋಣಿ ಮಗುಚಿತು. ಬೋರಲು ಬಿದ್ದ ದೋಣಿಯನ್ನೇ ಹಿಡಿದುಕೊಂಡು ಎಲ್ಲರೂ ಬದುಕಿ ಬಂದರು. ನಾನಾಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದ್ತಿದ್ದೆ. ತಲೆಯಲ್ಲಿ ಒಂದೇ ಪ್ರಶ್ನೆ: ದೋಣಿ ತಾನಾಗಿ ಯಾಕೆ ವಾಪಸ್ ಏಳಲಿಲ್ಲ?

ಹಾಗೆ ಏಳುವ ದೋಣಿಗಳಿವೆ. ನಮ್ಮ ನೌಕಾಪಡೆಯ 'ತಾರಿಣಿ' ಗೊತ್ತಲ್ಲ? ಗೋವಾದಲ್ಲಿ ಕಟ್ಟಿದ್ದು. ಉದ್ದ 17 ಮೀಟರ್, ಮಾಸ್ಟ್ ಸುಮಾರು 25 ಮೀಟರ್. 2017ರ ಸೆಪ್ಟೆಂಬರಿನಲ್ಲಿ ಹೊರಟ ಆರು ಮಹಿಳಾ ಅಧಿಕಾರಿಗಳು ಅದರಲ್ಲಿ ಭೂಮಿ ಸುತ್ತಿ 2018ರ ಮೇನಲ್ಲಿ ವಾಪಸಾದರು. ನಾಯಕಿ ವರ್ತಿಕಾ ಜೋಶಿ.

ಇಂಥ ದೋಣಿಯ ಗುಟ್ಟು ನೀರಿನ ಅಡಿಯಲ್ಲಿದೆ. ಅಲ್ಲಿ ಮೀನಿನ ಈಜುರೆಕ್ಕೆಯ ಹಾಗೆ ಒಂದು ಕೀಲ್ ಇರ್ತದೆ, ಅದರ ತಳದಲ್ಲಿ ಸೀಸ ಅಥವಾ ಕಬ್ಬಿಣದ ಭಾರ. ಸಾಮಾನ್ಯವಾಗಿ ದೋಣಿಯ ಒಟ್ಟು ತೂಕದ ಮೂರನೇ ಒಂದು ಪಾಲು ಇದೇ! ತಲೆ ಆಡಿಸೋ ತಂಜಾವೂರು ಬೊಂಬೆ ನೆನಪು ಮಾಡ್ಕೊಳ್ಳಿ. ಎಷ್ಟು ತಳ್ಳಿದ್ರೂ ಎದ್ದು ಕೂರ್ತದಲ್ಲ, ಅದೇ ಲೆಕ್ಕ. ಕೀಲಿಗೆ ಇನ್ನೊಂದು ಕೆಲಸವೂ ಉಂಟು. ಗಾಳಿ ಪಕ್ಕದಿಂದ ತಳ್ಳಿದಾಗ ದೋಣಿ ಅಡ್ಡ ಜಾರದಂತೆ ಅದು ತಡೀತದೆ. ಅದರಿಂದಲೇ ಹಾಯಿದೋಣಿ ಓರೆಯಾಗಿ, ಅಂಕುಡೊಂಕಾಗಿ, ಎದುರುಗಾಳಿ ಇರುವ ಕಡೆಗೂ ಹೋಗಬಲ್ಲದು.

2018ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಅಭಿಲಾಷ್ ಟಾಮಿ ಒಬ್ಬರೇ ಹೋಗ್ತಿದ್ದಾಗ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ 'ತುರೀಯಾ' ಉರುಳಿತು. ಮಾಸ್ಟ್ ಮುರಿಯಿತು, ಬೆನ್ನಿಗೆ ಪೆಟ್ಟಾಯಿತು. ಆದರೆ ದೋಣಿ ನೆಟ್ಟಗಾಗಿ ತೇಲಿತು. ಮೂರು ದಿನ ಅದರೊಳಗೇ ಮಲಗಿದ್ದವರನ್ನು ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗು ಬಂದು ಕಾಪಾಡಿತು.

ಇದನ್ನೆಲ್ಲ ಓದಿಕೊಂಡು ಮನೆಗೆ ಹೋಗಿ, "ಅಪ್ಪ, ನಮ್ಮ ದೋಣಿಗೂ ಕೀಲ್ ಹಾಕಿಸುವನಾ?" ಅಂದೆ. ಅವರು ನಕ್ಕರು. "ಅಳಿವೆಯಲ್ಲಿ ನೀರು ಎಷ್ಟು ಉಂಟು ಮಗಾ? ನಿನ್ನ ಕೀಲು ಮರಳಿಗೆ ಸಿಕ್ಕಿಬಿದ್ರೆ ತೆರೆ ಸುಮ್ನೆ ಬಿಡ್ತದಾ? ಮತ್ತೆ ದೋಣಿಯನ್ನು ದಡಕ್ಕೆ ಎಳೆಯುವುದು ಹೇಗೆ?"

ಸರಿಯೇ. ನಮ್ಮ ದೋಣಿ ನಮ್ಮ ನೀರಿಗೆ ಮಾಡಿದ್ದು. ಅದರ ತಳ ಚಪ್ಪಟೆ, ಆಳ ಕಡಿಮೆ. ಅಗಲ ಇರೋದ್ರಿಂದ ಸಣ್ಣ ತೆರೆಗೆ ಗಟ್ಟಿಯಾಗಿ ನಿಲ್ತದೆ. ಆದರೆ ಒಂದು ಮಿತಿ ದಾಟಿ ವಾಲಿದ್ರೆ ಮುಗೀತು, ತಲೆಕೆಳಗಾಗಿಯೂ ಅಷ್ಟೇ ಗಟ್ಟಿಯಾಗಿ ನಿಲ್ತದೆ!

ಹಾಗಾದ್ರೆ ಯಾಟಿನಿಂದ ನಾವು ಕಲಿಯೋದೇನು? ಅಷ್ಟು ಭದ್ರವಾದ ದೋಣಿಯಲ್ಲೂ ಬಿರುಗಾಳಿಯಲ್ಲಿ ಡೆಕ್ಕಿಗೆ ಹೋಗುವವರು ಲೈಫ್ ಜಾಕೆಟ್ ಹಾಕ್ತಾರೆ, ಬೆಲ್ಟಿನಿಂದ ತಮ್ಮನ್ನು ದೋಣಿಗೆ ಕಟ್ಟಿಕೊಳ್ತಾರೆ. ನಮ್ಮ ದೋಣಿ ತಾನಾಗಿ ಏಳೋದಿಲ್ಲ ಅಂತ ಗೊತ್ತಿದ್ದೂ ನಮ್ಮಲ್ಲಿ ಎಷ್ಟೋ ಜನ ಜಾಕೆಟ್ ಇಲ್ಲದೆ ಹೋಗ್ತಾರೆ. ಅಪ್ಪನ ದೂರು ಏನಂದ್ರೆ, ಆ ದಪ್ಪ ಜಾಕೆಟ್ ಬಲೆ ಎಳೆಯುವಾಗ ಅಡ್ಡ ಬರ್ತದೆ. ಅದೂ ನಿಜವೇ.

ಹಾಗಾಗಿ ಮೊದಲ ಸಂಬಳದಲ್ಲಿ ತೆಳ್ಳಗಿನ ಜಾಕೆಟ್ ಒಂದು ತಂದೆ. ದಾರ ಎಳೆದಾಗ ಮಾತ್ರ ಗಾಳಿ ತುಂಬುವಂಥದ್ದು. ಎರಡು ದಿನ ಅದು ಮನೆಯ ಮೊಳೆಯಲ್ಲೇ ನೇತಾಡ್ತಿತ್ತು. ಮೂರನೇ ದಿನ ಬೆಳಿಗ್ಗೆ ಅಮ್ಮ ಫೋನ್ ಮಾಡಿ, "ಮೊಳೆ ಖಾಲಿ ಉಂಟು" ಅಂದ್ರು.

ನಿಮ್ಮ ಮನೆಯಿಂದಲೂ ಯಾರಾದ್ರೂ ಕಡಲಿಗೆ ಹೋಗ್ತಿದ್ರೆ ಇವತ್ತು ರಾತ್ರಿ ಒಮ್ಮೆ ಕೇಳಿ: ಜಾಕೆಟ್ ಎಲ್ಲುಂಟು?