ಸುಪ್ರೀಮ್ ಕೋರ್ಟಿನ ತೀರ್ಪುಗಳು ಮತ್ತು ನಾವು

(ಶಹಾಪುರ, ಸುರಪುರಗಳ ಕುಟುಂಬಗಳೂ ಸೇರಿದ್ದ ಯಾದಗಿರಿಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸುಪ್ರೀಮ್ ಕೋರ್ಟು ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಬೆರಳೆಣಿಕೆಯ ಪ್ರಕರಣಗಳು. ಶಾ ಬಾನೊ, ಬಾಬರಿ ಮಸೀದಿ, ತ್ರಿವಳಿ ತಲಾಕ್, ಹಿಜಾಬ್. ಇವು ನಮ್ಮವು, ಉಳಿದವು ಇತರರವು ಎಂದು ಭಾವಿಸಿ ನಾವು ಪತ್ರಿಕೆಯ ಪುಟ ತಿರುವುತ್ತೇವೆ. ಈ ಭಾವನೆ ತಪ್ಪೆಂದು ಅರಿಯಲು ದಿಲ್ಲಿಗೆ ಹೋಗಬೇಕಿಲ್ಲ. ನಾರಾಯಣಪುರದ ಎಡದಂಡೆ ಕಾಲುವೆಯ ದಡದಲ್ಲಿ ನಿಂತರೆ ಸಾಕು.

ಸುರಪುರ, ಶಹಾಪುರದ ಹೊಲಗಳಿಗೆ ಹರಿಯುವ ಆ ನೀರಿನ ಹಿಂದೆ ಆಲಮಟ್ಟಿ ಅಣೆಕಟ್ಟಿದೆ. ಅದರ ಎತ್ತರವನ್ನು 519.6 ಮೀಟರ್‌ವರೆಗೆ ಏರಿಸಬಹುದೆಂಬ ಹಾದಿ ತೆರೆದದ್ದು 2000ದ ಏಪ್ರಿಲ್‌ನ ಸುಪ್ರೀಮ್ ಕೋರ್ಟಿನ ತೀರ್ಪು. ಕೃಷ್ಣಾ ಎರಡನೆಯ ನ್ಯಾಯಾಧಿಕರಣವು 2010ರ ಡಿಸೆಂಬರ್‌ನಲ್ಲಿ ಅದನ್ನು 524.256 ಮೀಟರ್‌ಗೆ ಏರಿಸಲು ಅನುಮತಿ ಕೊಟ್ಟಿತು. ಆದರೆ 2011ರ ಸೆಪ್ಟೆಂಬರ್‌ನಲ್ಲಿ, ಆಂಧ್ರದ ಅರ್ಜಿಯ ಮೇರೆಗೆ, ಆ ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸದಂತೆ ಸುಪ್ರೀಮ್ ಕೋರ್ಟೇ ತಡೆಯಿತು. 2022ರ ಜನವರಿಯಲ್ಲಿ ಈ ವ್ಯಾಜ್ಯವನ್ನು ಆಲಿಸಬೇಕಿದ್ದ ಇಬ್ಬರೂ ನ್ಯಾಯಮೂರ್ತಿಗಳು ಹಿಂದೆ ಸರಿದರು. ಒಬ್ಬರು ಮಹಾರಾಷ್ಟ್ರದವರು, ಇನ್ನೊಬ್ಬರು ಕರ್ನಾಟಕದವರು. ಕಾಲುವೆಯ ನೀರು ರೈತನ ಜಾತಿ ಧರ್ಮ ಕೇಳಿ ಹರಿಯುವುದಿಲ್ಲ. ಹೀಗಿರುವಾಗ ಈ ಪ್ರಕರಣ ನಮ್ಮದಲ್ಲವೆಂದು ಹೇಳುವುದು ಹೇಗೆ?

ಸಂವಿಧಾನದ 141ನೆಯ ವಿಧಿಯ ಪ್ರಕಾರ ಸುಪ್ರೀಮ್ ಕೋರ್ಟು ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಬದ್ಧ. ಹಾಗೆಂದು ಅದು ಒಂದೇ ಮನಸ್ಸಿನ, ಒಂದೇ ಧ್ವನಿಯ ಸಂಸ್ಥೆಯೆಂದು ತಿಳಿಯಬಾರದು. ಇಬ್ಬರ ಪೀಠ, ಮೂವರ ಪೀಠ, ಐವರ ಪೀಠ ಎಂದು ಅದು ಹಂಚಿಹೋಗಿದೆ. ವಿಚಾರಣೆ ಬೇಗ ಮುಗಿಯುವ ಸಂಭವವಿಲ್ಲದಿದ್ದರೆ ಯುಎಪಿಎ ಆರೋಪಿಗೂ ಜಾಮೀನು ಕೊಡಬಹುದೆಂದು 2021ರಲ್ಲಿ ನಜೀಬ್ ಪ್ರಕರಣದಲ್ಲಿ ಮೂವರ ಪೀಠ ಹೇಳಿತು. 2024ರ ಫೆಬ್ರವರಿಯಲ್ಲಿ ಇಬ್ಬರ ಪೀಠವೊಂದು ಆ ತೀರ್ಪನ್ನು ಬದಿಗೆ ಸರಿಸಿ ಇನ್ನೊಬ್ಬ ಆರೋಪಿಗೆ ಜಾಮೀನು ನಿರಾಕರಿಸಿತು. ಅದೇ ವರ್ಷದ ಜುಲೈಯಲ್ಲಿ ಮತ್ತೊಂದು ಪೀಠ ನಜೀಬ್ ತೀರ್ಪನ್ನೇ ಹಿಡಿದು ಜಾಮೀನು ಕೊಟ್ಟಿತು. ಹಿಜಾಬ್ ವಿಷಯದಲ್ಲಿ 2022ರ ಅಕ್ಟೋಬರ್‌ನಲ್ಲಿ ಒಂದೇ ಪೀಠದ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಬರೆದರು.

ನೋವುಗಳನ್ನು ಮರೆಯಬೇಕೆಂದು ನಾವು ಹೇಳುತ್ತಿಲ್ಲ. 1949ರಲ್ಲಿ ಮಸೀದಿಯೊಳಗೆ ವಿಗ್ರಹ ಇರಿಸಿದ್ದೂ 1992ರಲ್ಲಿ ಮಸೀದಿ ಕೆಡವಿದ್ದೂ ಕಾನೂನುಬಾಹಿರ ಎಂದು ಒಪ್ಪಿದ ಮೇಲೆಯೂ ಆ ಜಾಗವನ್ನು ಮಂದಿರಕ್ಕೆ ಒಪ್ಪಿಸಿದ 2019ರ ನವೆಂಬರ್ 9ರ ತೀರ್ಪು ನಮಗೆ ಇಂದಿಗೂ ಅರ್ಥವಾಗಿಲ್ಲ. ಅದನ್ನು ಹೇಳಲು ಸಂಕೋಚವೂ ಇಲ್ಲ. ಆದರೆ ಕರ್ನಾಟಕದಲ್ಲಿ 2023ರ ಮಾರ್ಚ್‌ನಲ್ಲಿ 2ಬಿ ಪ್ರವರ್ಗದ ಶೇಕಡಾ 4ರ ಮೀಸಲಾತಿಯನ್ನು ಅಂದಿನ ರಾಜ್ಯ ಸರಕಾರ ರದ್ದುಗೊಳಿಸಿದಾಗ, ಆ ನಿರ್ಧಾರದ ತಳಹದಿ ಮೇಲ್ನೋಟಕ್ಕೆ ದುರ್ಬಲವಾಗಿದೆಯೆಂದು ಇದೇ ಕೋರ್ಟು ಏಪ್ರಿಲ್‌ನಲ್ಲಿ ಅಭಿಪ್ರಾಯಪಟ್ಟಿತು. ಸರಕಾರ ಅದನ್ನು ಜಾರಿಗೊಳಿಸುವುದಿಲ್ಲವೆಂದು ಮಾತು ಕೊಡಬೇಕಾಯಿತು. ಆರೋಪಿಯೆಂಬ ಮಾತ್ರಕ್ಕೆ ಮನೆ ಕೆಡವುವಂತಿಲ್ಲ, 15 ದಿನಗಳ ನೋಟಿಸು ಕೊಡಲೇಬೇಕು, ತಪ್ಪಿದ ಅಧಿಕಾರಿಯೇ ನಷ್ಟ ಭರಿಸಬೇಕು ಎಂದು 2024ರ ನವೆಂಬರ್ 13ರಂದು ಹೇಳಿದ್ದೂ ಇದೇ ಕೋರ್ಟು. ರಸ್ತೆ, ಕಾಲುದಾರಿಗಳ ಒತ್ತುವರಿಗೆ ಈ ರಕ್ಷಣೆ ಇಲ್ಲವೆಂಬುದನ್ನೂ ನೆನಪಿಡಬೇಕು.

ಈಗ ನಮ್ಮ ಮನೆಯೊಳಗಿನ ಮಾತಿಗೆ ಬರೋಣ. ಇಂದು ನಾವು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದನ್ನೇ.

ಇಂದೋರಿನ ಶಾ ಬಾನೊ ಅವರಿಗೆ ಮಧ್ಯಪ್ರದೇಶ ಹೈಕೋರ್ಟು ಗೊತ್ತುಮಾಡಿದ ಜೀವನಾಂಶ ತಿಂಗಳಿಗೆ 179 ರೂಪಾಯಿ 20 ಪೈಸೆ. ಪತಿ ವಕೀಲರು. 1985ರ ಏಪ್ರಿಲ್‌ನಲ್ಲಿ ಸುಪ್ರೀಮ್ ಕೋರ್ಟು ಆ ಮೊತ್ತವನ್ನು ಎತ್ತಿಹಿಡಿದಾಗ ನಮ್ಮ ನಾಯಕರು ಬೀದಿಗಿಳಿದರು, 1986ರ ಕಾನೂನು ಬಂತು. ಗೆದ್ದೆವೆಂದು ನಾವು ಸುಮ್ಮನಾದೆವು. ಶಾ ಬಾನೊ ಪರ ವಾದಿಸಿದ್ದ ವಕೀಲ ದಾನಿಯಾಲ್ ಲತೀಫಿ ಸುಮ್ಮನಾಗಲಿಲ್ಲ, ಆ ಕಾನೂನನ್ನೇ ಪ್ರಶ್ನಿಸಿದರು. 2001ರ ಸೆಪ್ಟೆಂಬರ್ 28ರಂದು ಐವರ ಪೀಠ ಕಾನೂನನ್ನು ರದ್ದುಪಡಿಸಲಿಲ್ಲ. ಅದರ ಮಾತುಗಳನ್ನು ಬಿಡಿಸಿ ಓದಿತು. ಇದ್ದತ್ತಿನ ಮೂರು ತಿಂಗಳ ಖರ್ಚು ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ; ಆಕೆಯ ಮುಂದಿನ ಬದುಕಿಗೆ ಬೇಕಾದ ನ್ಯಾಯಯುತ ಏರ್ಪಾಡನ್ನು ಇದ್ದತ್ತಿನ ಅವಧಿಯೊಳಗೇ ಮಾಡಬೇಕು ಎಂದಿತು. ವಿಚ್ಛೇದಿತೆಗೆ ಉಚಿತವಾದದ್ದನ್ನು ಕೊಡುವುದು ದೇವಭಯವುಳ್ಳವರ ಮೇಲಿನ ಹೊಣೆಯೆಂದು ಅಲ್‌ಬಕರ ಅಧ್ಯಾಯದ 241ನೆಯ ಸೂಕ್ತ ಹೇಳುತ್ತದೆ. ಅದನ್ನು ನಮ್ಮ ಮಿಂಬರ್‌ಗಳಿಂದ ಎಷ್ಟು ಜುಮಾಗಳಲ್ಲಿ ಕೇಳಿದ್ದೇವೆ?

ಮರುವರ್ಷ, 2002ರ ಅಕ್ಟೋಬರ್ 1ರಂದು, ಶಮೀಮ್ ಆರಾ ಪ್ರಕರಣದ ತೀರ್ಪು ಬಂತು. ಜೀವನಾಂಶದ ಮೊಕದ್ದಮೆಯಲ್ಲಿ ಪತಿ, ತಾನು ಎಂದೋ ತಲಾಕ್ ಹೇಳಿದ್ದೆನೆಂದು ಉತ್ತರ ಪತ್ರದಲ್ಲಿ ಬರೆದಿದ್ದ. ಇದು ತಲಾಕ್ ಅಲ್ಲವೆಂದು ಕೋರ್ಟು ತಳ್ಳಿಹಾಕಿತು. ತಲಾಕ್‌ಗೆ ಸಕಾರಣ ಬೇಕು, ಅದಕ್ಕೂ ಮೊದಲು ಗಂಡಿನ ಕಡೆಯಿಂದ ಒಬ್ಬರು, ಹೆಣ್ಣಿನ ಕಡೆಯಿಂದ ಒಬ್ಬರು ಮಧ್ಯಸ್ಥರಾಗಿ ಸಂಧಾನಕ್ಕೆ ಯತ್ನಿಸಿರಬೇಕು ಎಂದಿತು. ಇದು ಅನ್ನಿಸಾ ಅಧ್ಯಾಯದ 35ನೆಯ ಸೂಕ್ತದ ಆದೇಶವೇ ಹೊರತು ಹೊಸದೇನಲ್ಲ. ನಮ್ಮ ಜಮಾಅತ್‌ಗಳು ಅಂದೇ ಇದನ್ನು ಕಡ್ಡಾಯಗೊಳಿಸಿದ್ದರೆ 2017ರ ಶಾಯರಾ ಬಾನೊ ತೀರ್ಪಿನವರೆಗೆ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ. ಮೂವರು ಒಂದು ಕಡೆ, ಇಬ್ಬರು ಒಂದು ಕಡೆಯಾಗಿ ಆ ಪೀಠ ತ್ರಿವಳಿ ತಲಾಕನ್ನು ಅಸಿಂಧುಗೊಳಿಸಿತು. ಮೂರು ವರ್ಷದ ಜೈಲುಶಿಕ್ಷೆಯನ್ನು ಕೋರ್ಟು ಹೇಳಿರಲಿಲ್ಲ, 2019ರಲ್ಲಿ ಸಂಸತ್ತು ಸೇರಿಸಿತು. ಜೈಲಿನಲ್ಲಿರುವ ಗಂಡ ಹೆಂಡತಿ ಮಕ್ಕಳಿಗೆ ಏನು ಕೊಡಬಲ್ಲನೆಂಬ ಪ್ರಶ್ನೆಗೆ ಕಾನೂನು ತಂದವರ ಬಳಿ ಉತ್ತರವಿಲ್ಲ. ಆದರೆ ಬಾಗಿಲು ತೆರೆದಿಟ್ಟವರು ನಾವು.

ಕೊನೆಯದಾಗಿ 2024ರ ಜುಲೈ 10. ಗುರುಮಠಕಲ್ ದಾಟಿದರೆ ಸಿಗುವ ತೆಲಂಗಾಣದಿಂದ ಹೋದ ಪ್ರಕರಣವದು. 1986ರ ಕಾನೂನಿದ್ದರೂ ವಿಚ್ಛೇದಿತ ಮುಸ್ಲಿಮ್ ಮಹಿಳೆ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಡಿ ಜೀವನಾಂಶ ಕೇಳಬಹುದು, ಆಯ್ಕೆ ಆಕೆಯದು ಎಂದು ಇಬ್ಬರು ನ್ಯಾಯಮೂರ್ತಿಗಳೂ ಒಮ್ಮತದಿಂದ ತೀರ್ಪಿತ್ತರು. ಆ ಕಲಮು ಆ ತಿಂಗಳಿನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ.

ನಿಝಾಮರ ಕಾಲದಲ್ಲಿ ಈ ಭಾಗದ ನ್ಯಾಯಾಲಯಗಳ ಭಾಷೆ ಉರ್ದು. ದಾವೆಯ ಕಾಗದ ಓದಿ ಹೇಳಬಲ್ಲ ಹಿರಿಯರು ನಮ್ಮ ಓಣಿಗಳಲ್ಲೇ ಇದ್ದರು. ಈಗ ದಿಲ್ಲಿಯ ತೀರ್ಪು ಇಂಗ್ಲಿಷಿನಲ್ಲಿ ಹುಟ್ಟುತ್ತದೆ, ಟಿ.ವಿ.ಯ ಗದ್ದಲದಲ್ಲಿ ವಿಕಾರಗೊಂಡು ನಮ್ಮನ್ನು ತಲುಪುತ್ತದೆ. ಸುಪ್ರೀಮ್ ಕೋರ್ಟು 2019ರಿಂದ ಆಯ್ದ ತೀರ್ಪುಗಳ ಕನ್ನಡ ಅನುವಾದವನ್ನೂ ಪ್ರಕಟಿಸತೊಡಗಿತು. ಓದಿದ ಹುಡುಗ ಹುಡುಗಿಯರು ಅವುಗಳನ್ನು ತಂದು ಮನೆಯವರಿಗೆ ಓದಿ ಹೇಳಬಾರದೇಕೆ?

ತವರಿಗೆ ಬಂದು ಕುಳಿತ ಮಗಳಿರುವ ತಂದೆತಾಯಿಗಳಿಗೆ ಒಂದು ಮಾತು. ಅರ್ಜಿಯನ್ನು ಆಕೆ ವಾಸಿಸುವ ಊರಿನ ನ್ಯಾಯಾಲಯದಲ್ಲೇ ಹಾಕಬಹುದು. ಗಂಡನ ಊರಿಗೆ ಅಲೆಯಬೇಕಿಲ್ಲ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಹಾಕಬೇಕೆಂದು 2020ರ ನವೆಂಬರ್‌ನಲ್ಲಿ ರಜನೀಶ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಹೇಳಿದೆ. ಆದ್ದರಿಂದ, ಸಂಧಾನ ಇಂದಾದೀತು ನಾಳೆಯಾದೀತು ಎಂದು ಅರ್ಜಿಯನ್ನೇ ಹಾಕದೆ ಕಳೆದ ಪ್ರತಿ ತಿಂಗಳೂ ಆಕೆಗೆ ನಷ್ಟವೇ. ಅರ್ಜಿ ಹಾಕಿದ ಮೇಲೆಯೂ ಸಂಧಾನ ನಡೆಸಬಹುದು. ವಕೀಲರ ಶುಲ್ಕದ ಭಯವಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬೇಕು. 1987ರ ಕಾನೂನಿನಂತೆ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ಶಹಾಪುರ, ಸುರಪುರದಿಂದ ಬಂದಿರುವ ಮಸೀದಿ ಕಮಿಟಿಯವರಲ್ಲಿ ನಮ್ಮ ವಿನಂತಿ ಇಷ್ಟೆ. ನಿಕಾಹ್‌ನಾಮದಲ್ಲಿ ದಿನಾಂಕ, ಮಹ್ರ್ ಮೊತ್ತ, ಅದರಲ್ಲಿ ಕೊಟ್ಟದ್ದೆಷ್ಟು, ಬಾಕಿಯೆಷ್ಟು ಎಂಬುದನ್ನು ಸ್ಪಷ್ಟವಾಗಿ ಬರೆಯಿಸಿ, ಒಂದು ಪ್ರತಿಯನ್ನು ವಧುವಿನ ಕೈಗೇ ಕೊಡಿರಿ. ಗಂಡನು ಮದುವೆಯನ್ನೇ ಅಲ್ಲಗಳೆದರೆ ಆ ಕಾಗದವೇ ಆಕೆಯ ಸಾಕ್ಷಿ. ಇನ್ನು ಪ್ರಶ್ನೆಗಳಿದ್ದರೆ ಕೇಳಬಹುದು, ಮೊದಲು ಸಹೋದರಿಯರಿಗೆ ಅವಕಾಶ ಕೊಡೋಣ.